ಟೆಕ್ಟ್ರಾನಿಕ್ಸ್ 465 ಆಸಿಲೋಸ್ಕೋಪ್: +15 ವೋಲ್ಟ್ ಲೈನ್ ಶಾರ್ಟ್, ಚಾನೆಲ್ 1ರ ಸ್ವಿಚ್ಚೂ ಕೈಕೊಟ್ಟಿದೆ. ಎಲ್ಲಿಂದ ಶುರು ಮಾಡಲಿ?

ಹಳೇಮಾಲು_ತುಮಕೂರು:
ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಗುಜರಿ ರೇಟಿಗೆ ಒಂದು 465 ಸ್ಕೋಪ್ (ಸಿಗ್ನಲನ್ನು ಪರದೆ ಮೇಲೆ ಗೆರೆಯಾಗಿ ತೋರಿಸೋ ಮಷೀನು) ಸಿಕ್ತು. 1972ರಲ್ಲಿ ಬಂದ ಮಾಡೆಲ್, 100 ಮೆಗಾಹರ್ಟ್ಸ್, ಎರಡು ಚಾನೆಲ್. ತಂದ ದಿನ ಟ್ರೇಸ್, ಅಂದರೆ ಪರದೆ ಮೇಲಿನ ಗೆರೆ, ಚೆನ್ನಾಗೇ ಬಂತು. ಒಂದೇ ತಕರಾರು: ಚಾನೆಲ್ 1ರ ವೋಲ್ಟ್ಸ್/ಡಿವ್ ನಾಬ್ (ಪರದೆಯ ಒಂದು ಚೌಕಕ್ಕೆ ಎಷ್ಟು ವೋಲ್ಟ್ ಅಂತ ಆರಿಸೋ ಸ್ವಿಚ್) ತಿರುಗಿಸಿದರೆ ಗೆರೆ ಮಾಯ, ನಾಬನ್ನು ಎಡಕ್ಕೆ ಒತ್ತಿ ಹಿಡಿದರೆ ವಾಪಸ್. ಮೂರನೇ ದಿನ ಆನ್ ಮಾಡಿದರೆ ಪರದೆ ಪೂರ್ತಿ ಕತ್ತಲೆ. ಮುಚ್ಚಳ ಬಿಚ್ಚಿ ಅಳೆದೆ. ಒಳಗಿನ ಪವರ್ ಸಪ್ಲೈಯ +55 ವೋಲ್ಟ್ ಸರಿಯಾಗಿದೆ, +15 ವೋಲ್ಟ್ ಇರಬೇಕಾದ ಕಡೆ ಸೊನ್ನೆಗೆ ಹತ್ತಿರ. ಪ್ಲಗ್ ಕಿತ್ತು ಗ್ರೌಂಡ್‌ಗೆ ಓಮ್ ನೋಡಿದರೆ 1.2. ಬೋರ್ಡ್ ಮೇಲೆ ಕಪ್ಪಾದದ್ದು, ಉಬ್ಬಿದ್ದು ಏನೂ ಕಾಣ್ತಿಲ್ಲ. ಎಲ್ಲಿಂದ ಶುರು ಮಾಡಲಿ? ಸ್ವಿಚ್ಚಿಗೂ ಏನಾದರೂ ದಾರಿ ಇದ್ದರೆ ಹೇಳಿ.

ಸೋಲ್ಡರ್_ಸೋಮಣ್ಣ:
ಯೋಚನೆ ಮಾಡೋದೇ ಬೇಡ, ಒಳಗಿರೋ ಕೆಪಾಸಿಟರ್ ಅಷ್ಟೂ ತೆಗೆದು ಹೊಸದು ಹಾಕಿ. 50 ವರ್ಷದ ಕೆಪಾಸಿಟರ್ ಅಂದ್ರೆ ಹಳಸಿದ ಅನ್ನ. ಇವತ್ತು ಒಂದು, ನಾಳೆ ಇನ್ನೊಂದು. ಒಂದು ಭಾನುವಾರ ಕೂತರೆ ಮುಗೀತು.

ನಿವೃತ್ತ_ಲ್ಯಾಬ್:
"ಹಳಸಿದ ಅನ್ನ" ಅಂತೆ. ಹಳಸಿದೆಯೋ ಇಲ್ಲವೋ ಅಂತ ಮೂಸಿ ನೋಡುತ್ತೇವೆ ತಾನೆ, ಪಾತ್ರೆ ಸಮೇತ ಚೆಲ್ಲುವುದಿಲ್ಲವಲ್ಲ? ಆ ಕಾಲದ ದೊಡ್ಡ ಅಲ್ಯುಮಿನಿಯಂ ಡಬ್ಬಿ ಕೆಪಾಸಿಟರ್‌ಗಳಲ್ಲಿ ಎಷ್ಟೋ ಇನ್ನೂ ಗಟ್ಟಿಯಾಗಿವೆ. ರಿಪಲ್ (ಡಿಸಿಯಲ್ಲಿ ಉಳಿದ ಏರಿಳಿತ) ಅಳೆಯಿರಿ, ಕೆಪಾಸಿಟರಿನ ಒಳಗಿನ ರೆಸಿಸ್ಟೆನ್ಸ್, ಅಂದರೆ ಇಎಸ್‌ಆರ್ ಅಳೆಯಿರಿ, ಆಮೇಲೆ ಕೈ ಹಾಕಿ. ಅಲ್ಯುಮಿನಿಯಂ ಸಾಮಾನ್ಯವಾಗಿ ಒಣಗುತ್ತದೆ, ಶಾರ್ಟ್ ಆಗುವುದು ಟ್ಯಾಂಟಲಮ್ ಜಾತಿಯ ಕೆಪಾಸಿಟರ್. ಹನಿಯ ಹಾಗಿರುವ ಪುಟ್ಟ ಟ್ಯಾಂಟಲಮ್‌ಗಳು +15 ಲೈನಿನ ಮೇಲೆ ಊರೆಲ್ಲ ಹರಡಿಕೊಂಡಿರುತ್ತವೆ. ಹೊರಗಿನಿಂದ ಲಕ್ಷಣವಾಗಿರುತ್ತವೆ, ಒಳಗೆ ಸತ್ತಿರುತ್ತವೆ. ಹುಡುಕುವ ದಾರಿ: ಹೊರಗಿನ ಸಪ್ಲೈಯಿಂದ +15 ಲೈನಿಗೆ ಬರೀ ಅರ್ಧ ವೋಲ್ಟ್ ಕೊಡಿ, ಮೀಟರನ್ನು ಮಿಲಿವೋಲ್ಟ್‌ಗೆ ಇಡಿ, ಟ್ರ್ಯಾಕ್ ಉದ್ದಕ್ಕೂ ಹೋಗಿ. ಕರೆಂಟ್ ಹರಿಯುವಷ್ಟು ದೂರ ರೀಡಿಂಗ್ ಬದಲಾಗುತ್ತಾ ಹೋಗುತ್ತದೆ, ಶಾರ್ಟ್ ದಾಟಿದ ಮೇಲೆ ನಿಂತುಬಿಡುತ್ತದೆ. ಅಷ್ಟು ಕಡಿಮೆ ವೋಲ್ಟೇಜಿಗೆ ಟ್ರಾನ್ಸಿಸ್ಟರ್‌ಗಳು ಏಳುವುದಿಲ್ಲ, ಭಯ ಬೇಡ.
ಸ್ವಿಚ್ಚಿಗೆ: ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ತುಂಡು ಕಾಗದ. ಅಷ್ಟೇ.

ಮಂಗಳೂರು_ಮೆಕ್ಯಾನಿಕ್:
"ಒಂದು ತುಂಡು ಕಾಗದ" ಅಂತೆ! ಎಂತ ಮಾರಾಯ್ರೆ, ಇದು ಸ್ವಿಚ್ಚಾ, ಪರೀಕ್ಷೆ ಹಾಲಾ? ಡಬ್ಲ್ಯೂಡಿ-40 ಎರಡು ಸಲ ಚುಯ್ ಅಂತ ಹೊಡೆದು ನಾಬನ್ನು ಇಪ್ಪತ್ತು ಸಲ ಆಚೆ ಈಚೆ ತಿರುಗಿಸಿ. ನಮ್ಮ ಕರಾವಳಿ ಗಾಳಿಗೆ ಯಾವ ಸ್ವಿಚ್ಚೂ ನಿಲ್ಲುವುದಿಲ್ಲ, ನಾನು ಮಾಡುವುದು ಇದನ್ನೇ.

ಫರ್ಮ್‌ವೇರ್_ಸುಮಾ:
ದಯವಿಟ್ಟು ಬೇಡ. ಡಬ್ಲ್ಯೂಡಿ ಅಂದರೆ "ವಾಟರ್ ಡಿಸ್‌ಪ್ಲೇಸ್‌ಮೆಂಟ್", 40 ಅಂದರೆ ನಲವತ್ತನೇ ಪ್ರಯತ್ನ. 1953ರಲ್ಲಿ ಸ್ಯಾನ್ ಡಿಯಾಗೋದ ರಾಕೆಟ್ ಕೆಮಿಕಲ್ ಕಂಪನಿಯಲ್ಲಿ ತಯಾರಾಯಿತು, ನೀರು ಓಡಿಸಿ ತುಕ್ಕು ತಡೆಯೋಕೆ. ಸ್ವಿಚ್ ತೊಳೆಯೋಕೆ ಅಲ್ಲ. ದ್ರಾವಕ ಆರಿದ ಮೇಲೆ ಎಣ್ಣೆ ಪದರ ಉಳಿಯುತ್ತೆ.

ಮಂಗಳೂರು_ಮೆಕ್ಯಾನಿಕ್:
ರಾಕೆಟ್ ಕಂಪನಿ ಅಂತ ನೀವೇ ಹೇಳಿದಿರಿ. ಅಟ್ಲಾಸ್ ಕ್ಷಿಪಣಿಗೆ ಆಗುತ್ತದೆ, ತುಮಕೂರಿನ ಸ್ಕೋಪಿಗೆ ಆಗುವುದಿಲ್ಲವಾ?

ಫರ್ಮ್‌ವೇರ್_ಸುಮಾ:
ಅಟ್ಲಾಸ್‌ಗೆ ಹಚ್ಚಿದ್ದು ಹೊರಗಿನ ತಗಡಿಗೆ. ಒಳಗಿನ ಅಟೆನ್ಯುಯೇಟರಿಗೆ (ಬಂದ ಸಿಗ್ನಲನ್ನು ಅಳತೆಯಾಗಿ ತಗ್ಗಿಸೋ ಭಾಗ, ಈ ಸ್ವಿಚ್ ಇರೋದೇ ಅಲ್ಲಿ) ಅಲ್ಲ ಸರ್.

ಧಾರವಾಡ_ಡಯೋಡ್:
ಏನ್ರೀ ಇಷ್ಟಕ್ಕ ಇಷ್ಟ್ ಜಗಳ! ಹುಡುಗೂರ ಪೆನ್ಸಿಲ್ ರಬ್ಬರ್ ತಗೊಂಡು ಕಾಂಟ್ಯಾಕ್ಟ್ ತಿಕ್ಕ್ರಿ, ಫಳಫಳ ಅಂತಾವ. ನಮ್ಮ ಮನ್ಯಾಗ ದೇವರ ಸಾಮಾನಕ್ಕ ವಿಭೂತಿ ಹಚ್ಚಿ ತಿಕ್ಕತಾರ, ಅದೂ ಬಾಳ ಚಲೋ.

ನಿವೃತ್ತ_ಲ್ಯಾಬ್:
ವಿಭೂತಿ! ಸ್ವಾಮಿ, ಅದು ಹಿತ್ತಾಳೆ ದೀಪವಲ್ಲ. 465ರಲ್ಲಿರುವುದು ಕ್ಯಾಮ್ ಸ್ವಿಚ್. ನಾಬ್ ತಿರುಗಿಸಿದರೆ ಪ್ಲಾಸ್ಟಿಕ್ ಉರುಳೆಯ ಉಬ್ಬುಗಳು ಸಣ್ಣ ಸಣ್ಣ ಸ್ಪ್ರಿಂಗ್ ಬೆರಳುಗಳನ್ನು ಎತ್ತಿ ಇಳಿಸುತ್ತವೆ, ಆ ಬೆರಳು ಬಂದು ಕೂರುವುದು ಬೋರ್ಡಿನ ಮೇಲಿನ ಚಿನ್ನ ಲೇಪಿಸಿದ ಜಾಗದ ಮೇಲೆ. ರಬ್ಬರ್ ಹಾಕಿ ತಿಕ್ಕಿದರೆ ಫಳಫಳ ಅನ್ನುವುದು ಚಿನ್ನ ಹೋಗಿ ಕೆಳಗಿನ ಲೋಹ. ಆ ಲೇಪ ಕಣ್ಣಿಗೆ ಕಂಡಷ್ಟು ದಪ್ಪ ಇರುವುದಿಲ್ಲ. ಕಾಗದಕ್ಕೆ ಆಲ್ಕೋಹಾಲ್ ಅದ್ದಿ, ಬೆರಳು ಮತ್ತು ಬೋರ್ಡ್ ನಡುವೆ ಇಟ್ಟು, ನಾಬ್ ತಿರುಗಿಸಿ ಬೆರಳು ಇಳಿದ ಮೇಲೆ ಮೆಲ್ಲಗೆ ಎಳೆಯಿರಿ. ಕಾಗದದ ಮೇಲೆ ಕಂದು ಗೆರೆ ಬರುತ್ತದೆ. ಗೆರೆ ಬರುವುದು ನಿಂತಾಗ ನೀವೂ ನಿಲ್ಲಿಸಿ. ಬೆರಳನ್ನು ಮಾತ್ರ ಬಗ್ಗಿಸಬೇಡಿ, ಬಗ್ಗಿದರೆ ಮತ್ತೆ ಕೂಡಿಸಲು ಹುಲಿಯ ಹಾಲು ತರಬೇಕು.

ವಿಯು2_ಮಲೆನಾಡು:
ಇನ್ನೊಂದು ವಿಷಯ, ಟೆಕ್ಟ್ರಾನಿಕ್ಸ್ ಒಳಗೆ ಮಾಮೂಲಿ ಸೋಲ್ಡರ್ ಹಾಕಬಾರದು. ಶೇ. 3 ಬೆಳ್ಳಿ ಇರುವ ಸೋಲ್ಡರೇ ಬೇಕು. ಕಂಪನಿಯವರೇ ಒಂದು ಪುಟ್ಟ ಸುರುಳಿಯನ್ನು ಒಳಗೆ ಇಟ್ಟು ಕೊಡುತ್ತಿದ್ದರು. ಹುಡುಕಿ ನೋಡಿ, ಇದ್ದರೂ ಇರಬಹುದು.

ಫರ್ಮ್‌ವೇರ್_ಸುಮಾ:
ಅದು ಬಿಡಿಭಾಗಗಳನ್ನು ಸೋಲ್ಡರ್ ಮಾಡೋ ಸೆರಾಮಿಕ್ ಪಟ್ಟಿ ಇದ್ದ 500 ಸೀರೀಸ್ ಟ್ಯೂಬ್ ಸ್ಕೋಪ್‌ಗಳಿಗೆ. ಮಾಮೂಲಿ ಸೋಲ್ಡರ್ ಪದೇ ಪದೇ ಹಾಕಿದರೆ ಪಟ್ಟಿಯ ಬೆಳ್ಳಿ ಪದರ ಕರಗಿ ಸೋಲ್ಡರ್ ಒಳಗೇ ಸೇರಿಬಿಡುತ್ತೆ, ಅದಕ್ಕೆ. 465 ಪ್ರಿಂಟೆಡ್ ಬೋರ್ಡ್.

ವಿಯು2_ಮಲೆನಾಡು:
ಬೆಳ್ಳಿ ಹಾಕಿದರೆ ನಷ್ಟ ಏನಿಲ್ಲವಲ್ಲ.

ಸೋಲ್ಡರ್_ಸೋಮಣ್ಣ:
ಯಾರಾದರೂ ಕೆಪಾಸಿಟರ್ ಬಗ್ಗೆ ಮಾತಾಡ್ತೀರಾ? "ಇಎಸ್‌ಆರ್ ಅಳೆಯಿರಿ" ಅಂತ ಹೇಳಿಬಿಟ್ಟರು ದೊಡ್ಡವರು. ಮನೇಲಿ ಇಎಸ್‌ಆರ್ ಮೀಟರ್ ಎಷ್ಟು ಜನರ ಹತ್ರ ಇದೆ? ಮೀಟರ್ ದುಡ್ಡಲ್ಲಿ ಕೆಪಾಸಿಟರ್ ಅಷ್ಟೂ ಬರ್ತವೆ.

ಮಂಗಳೂರು_ಮೆಕ್ಯಾನಿಕ್:
ಮ್ಯಾನ್ಯುವಲ್ ಮ್ಯಾನ್ಯುವಲ್ ಅಂತ ಹಾರಾಡುವವರಿಗೆ: ಟೆಕ್ಟ್ರಾನಿಕ್ಸಿನ ಹಳೇ ಮ್ಯಾನ್ಯುವಲ್‌ಗಳಲ್ಲಿ ಲೂಬ್ರಿಕೇಶನ್ ಅಂತ ಒಂದು ಭಾಗವೇ ಉಂಟು. ಎಣ್ಣೆ ಹಾಕಿ ಅಂತ ಅವರೇ ಹೇಳಿದ್ದು. ಈಗ ಎಂತ ಹೇಳ್ತೀರಿ?

ನಿವೃತ್ತ_ಲ್ಯಾಬ್:
ನಾನು ಇಲ್ಲಿ ಮ್ಯಾನ್ಯುವಲ್ ಅನ್ನುವ ಪದವನ್ನೇ ಎತ್ತಿರಲಿಲ್ಲ. ನೀವು ಎತ್ತಿದಿರಿ, ಆಯಿತು. ಶಾಫ್ಟ್ ತಿರುಗುವ ಬುಶ್‌ಗೆ ಒಂದು ಹನಿ, "ಟಕ್ ಟಕ್" ಅನ್ನುವ ಡಿಟೆಂಟ್‌ಗೆ ಚೂರು ಗ್ರೀಸ್. ಅದು ಯಂತ್ರದ ಭಾಗ. ಅದೇ ಮ್ಯಾನ್ಯುವಲ್ ಪ್ಲಾಸ್ಟಿಕ್ ತಿನ್ನುವ ರಾಸಾಯನಿಕ ತಾಗಿಸಬೇಡಿ ಅಂತಲೂ ಹೇಳುತ್ತದೆ: ಬೆಂಜೀನ್, ಟಾಲ್ವೀನ್, ಅಸಿಟೋನ್. ಆ ಪುಟ ನಿಮ್ಮ ಕಣ್ಣಿಗೆ ಬೀಳಲಿಲ್ಲ ಅನಿಸುತ್ತದೆ.

ಮಂಗಳೂರು_ಮೆಕ್ಯಾನಿಕ್:
ಡಬ್ಲ್ಯೂಡಿ-40ಯಲ್ಲಿ ಅಸಿಟೋನ್ ಉಂಟು ಅಂತ ನಾನು ಹೇಳಿದೆನಾ?

ಫರ್ಮ್‌ವೇರ್_ಸುಮಾ:
ಪ್ರಶ್ನೆ ಅಸಿಟೋನ್‌ದಲ್ಲ, ಉಳಿಯೋ ಎಣ್ಣೆಯದು. ಅಟೆನ್ಯುಯೇಟರಿನಲ್ಲಿ ಸಿಗ್ನಲನ್ನು ಹತ್ತರಲ್ಲೊಂದು ಮಾಡೋ ÷10 ಭಾಗದಲ್ಲಿ 900 ಕಿಲೋಓಮ್ ಮತ್ತು 111 ಕಿಲೋಓಮ್ ರೆಸಿಸ್ಟರ್‌ಗಳು. ಇನ್‌ಪುಟ್ 1 ಮೆಗಾಓಮ್. ಆ ಬೋರ್ಡ್ ಮೇಲೆ ಎಣ್ಣೆ, ಎಣ್ಣೆ ಮೇಲೆ ಧೂಳು, ಧೂಳಿನಲ್ಲಿ ತೇವ. ಸೋರಿಕೆ ಶುರುವಾದರೆ ಡಿವಿಷನ್ ಲೆಕ್ಕ ತಪ್ಪುತ್ತೆ. ಕರಾವಳಿಯಲ್ಲಂತೂ ಇನ್ನೂ ಬೇಗ.

ಮಂಗಳೂರು_ಮೆಕ್ಯಾನಿಕ್:
"ಕರಾವಳಿಯಲ್ಲಂತೂ" ಅಂತೆ. ನೀವು ಎಷ್ಟು ವರ್ಷ ಇದ್ದಿರಿ ಮೇಡಂ ಕರಾವಳಿಯಲ್ಲಿ?

ಧಾರವಾಡ_ಡಯೋಡ್:
ಅಲ್ರೀ, ನಾ ಒಂದ್ ಸಲ ಹಳೇ ಸಿಗ್ನಲ್ ಜನರೇಟರಿಗೆ ಅಂಗಡಿಯಾವ ಕೊಟ್ಟ ಯಾವುದೋ ಸ್ಪ್ರೇ ಹೊಡದಿದ್ದೆ, ಡಬ್ಬಿ ಮ್ಯಾಲೆ ಹೆಸರು ಸುದ್ದಾ ಅಳಿಸಿ ಹೋಗಿತ್ತು. ಒಂದ್ ತಿಂಗಳು ಬೆಣ್ಣಿಗತೆ ತಿರುಗಿತು. ಆಮ್ಯಾಲೆ ಬ್ಯಾಸಗಿ ಧೂಳು ಕುಂತು ಬೆಲ್ಲದ ಪಾಕ ಆತು. ಕಡೀಕ ಸ್ವಿಚ್ಚಿನ ವೇಫರ್ (ಕಾಂಟ್ಯಾಕ್ಟ್ ಇರೋ ಬಿಲ್ಲೆ) ಬಿಚ್ಚಿ ಒಂದೊಂದ ತೊಳದೆ. ಎರಡು ದಿನ ಹೋತು.

ಮಂಗಳೂರು_ಮೆಕ್ಯಾನಿಕ್:
ಹೆಸರಿಲ್ಲದ ಡಬ್ಬಿ ಹೊಡೆದವರು ಬಂದು ನನಗೆ ಬುದ್ಧಿ ಹೇಳ್ತಾರೆ. ಮತ್ತೆ ಒಂದು ಮಾತು, ಡಬ್ಲ್ಯೂಡಿ-40 ಕಂಪನಿಯದ್ದೇ ಕಾಂಟ್ಯಾಕ್ಟ್ ಕ್ಲೀನರ್ ಬರುತ್ತದೆ, ಸ್ಪೆಷಲಿಸ್ಟ್ ಅಂತ. ಎಣ್ಣೆ ಉಳಿಯುವುದಿಲ್ಲ. ನಾನು ಹೇಳಿದ್ದು ಅದೇ ಅಂತ ಇಟ್ಟುಕೊಳ್ಳಿ.

ಫರ್ಮ್‌ವೇರ್_ಸುಮಾ:
ಇಟ್ಟುಕೊಳ್ಳೋದು ಹೇಗೆ? ನೀವು ಮೊದಲು ಹೇಳಿದ್ದು ಮೇಲೇ ಇದೆ, ಕ್ಷಿಪಣಿ ಸಮೇತ. ಅದು ಬೇರೆ ಡಬ್ಬಿ, ಬೇರೆ ದ್ರವ. ಅಂಗಡಿಗೆ ಹೋಗಿ ಬರೀ "ಡಬ್ಲ್ಯೂಡಿ-40" ಅಂದರೆ ಬರೋದು ಬೀಗ, ಬಾಗಿಲು, ಚೈನಿಗೆ ಹಾಕೋದು.

ಮಂಗಳೂರು_ಮೆಕ್ಯಾನಿಕ್:
ಹೆಸರು ಒಂದೇ ತಾನೇ. ನಾನು ಹೆಸರು ಹೇಳಿದೆ. ಯಾವ ಡಬ್ಬಿ ಅಂತ ನೋಡಿ ತರಬೇಕಾದ್ದು ತರುವವರ ಕೆಲಸ.

ನಿವೃತ್ತ_ಲ್ಯಾಬ್:
26 ವರ್ಷ ಕ್ಯಾಲಿಬ್ರೇಶನ್ ಬೆಂಚಿನ ಮುಂದೆ ಕೂತವನು ನಾನು. ಯಾರೋ ಎಣ್ಣೆ ಕುಡಿಸಿದ ಅಟೆನ್ಯುಯೇಟರ್‌ಗಳನ್ನು ತೊಳೆದು ತೊಳೆದು ನನ್ನ ಬೆರಳಿನ ತೊಗಲು ಸುಲಿದಿದೆ. ಇಲ್ಲಿ ಬಂದು ಹೆಸರು ಒಂದೇ, ಡಬ್ಬಿ ಬೇರೆ ಅಂತ ಕೇಳುತ್ತಾ ಕೂರಬೇಕಾ? ನಾನು ಇನ್ನು ಬರೆಯುವುದಿಲ್ಲ.

ವಿಯು2_ಮಲೆನಾಡು:
"26 ವರ್ಷ" ಅಂದಿರಿ. 26 ವರ್ಷ ಎಣ್ಣೆ ಹಾಕಿದವರು ಮತ್ತೆ ಮತ್ತೆ ನಿಮ್ಮ ಹತ್ತಿರವೇ ತಂದರು ಅಂದರೆ, ಎಣ್ಣೆ ಹಾಕಿದ ಮೇಲೂ ಮಷೀನು ಬದುಕಿತ್ತು ಅಂತಾಯಿತಲ್ಲ.

ನಿವೃತ್ತ_ಲ್ಯಾಬ್:
ಬದುಕಿತ್ತು, ಸುಳ್ಳು ಹೇಳಿಕೊಂಡು ಬದುಕಿತ್ತು. 1 ವೋಲ್ಟ್ ಕೊಟ್ಟರೆ 0.9 ತೋರಿಸುವ ಸ್ಕೋಪನ್ನು ನೀವು ಬದುಕಿದೆ ಅನ್ನುತ್ತೀರಾ?

ಸೋಲ್ಡರ್_ಸೋಮಣ್ಣ:
ಬರೆಯಲ್ಲ ಅಂದಿದ್ರಿ 🙂

ಹಳೇಮಾಲು_ತುಮಕೂರು:
ಎಲ್ಲರಿಗೂ ನಮಸ್ಕಾರ. ಎರಡು ದಿನ ಇಲ್ಲಿ ಬರೀ ಡಬ್ಬಿ ಓದಿದೆ. ನಡುವೆ ಲ್ಯಾಬ್ ಸರ್ ಹೇಳಿದ ಅರ್ಧ ವೋಲ್ಟ್ ಮಾಡಿ ನೋಡಿದೆ. ಹತ್ತಿರ ಹತ್ತಿರ 400 ಮಿಲಿಆಂಪ್ ಎಳೀತು. ಮೀಟರಿನ ಒಂದು ಮುಳ್ಳು ಗ್ರೌಂಡಿಗೆ ಕಚ್ಚಿಸಿ, ಇನ್ನೊಂದನ್ನು +15 ಟ್ರ್ಯಾಕ್ ಮೇಲೆ ಇಷ್ಟಿಷ್ಟೇ ಸರಿಸುತ್ತಾ ಹೋದೆ. ಸಪ್ಲೈ ಹತ್ತಿರ 480 ಮಿಲಿವೋಲ್ಟ್, ಮುಂದೆ 465, 452, 447, 447, 447. ಮೊದಲನೇ 447 ಬಂದ ಜಾಗದಲ್ಲಿ ಹಸಿಮೆಣಸಿನ ಬೀಜಕ್ಕಿಂತ ಸ್ವಲ್ಪ ದೊಡ್ಡದು, ನೀಲಿ ಹನಿ. ಒಂದು ಕಾಲು ಎತ್ತಿದೆ, ಲೈನಿನ ಶಾರ್ಟ್ ಹೋಯಿತು. ಪೂರ್ತಿ ಬಿಚ್ಚಿ ಅಂಗೈ ಮೇಲಿಟ್ಟು ನೋಡಿದರೆ ಒಂದು ಗೀರೂ ಇಲ್ಲ, ಅಳೆದರೆ ಸುಮಾರು 1 ಓಮ್. ಮೇಲೆ 20 ವೋಲ್ಟ್ ಅಂತ ಬರೆದಿತ್ತು. ಅದರ ಜಾಗಕ್ಕೆ 35 ವೋಲ್ಟಿನದು ಹಾಕಿದೆ. ಇನ್ನೂ ಶಾರ್ಟ್ ಇದ್ದರೆ ಕರೆಂಟ್ ತಡೆಯಲಿ ಅಂತ 100 ವ್ಯಾಟ್ ಬಲ್ಬ್ ಸೀರೀಸ್ ಇಟ್ಟು ಆನ್ ಮಾಡಿದೆ, ಬಲ್ಬ್ ಒಮ್ಮೆ ಮಿನುಗಿ ಮಂಕಾಯಿತು, ಆಮೇಲೆ ಬಲ್ಬ್ ತೆಗೆದು ನೇರ ಕೊಟ್ಟೆ. ಟ್ರೇಸ್ ಬಂತು!

ಸೋಲ್ಡರ್_ಸೋಮಣ್ಣ:
ನೋಡಿದ್ರಾ? ಕೆಪಾಸಿಟರ್ರೇ. ಮೊದಲನೇ ಉತ್ತರದಲ್ಲೇ ಹೇಳಿದ್ದೆ.

ನಿವೃತ್ತ_ಲ್ಯಾಬ್:
ಒಂದು ಕೆಪಾಸಿಟರ್. ನೀವು ಹೇಳಿದ್ದು ಅಷ್ಟೂ.

ಸೋಲ್ಡರ್_ಸೋಮಣ್ಣ:
ಅಷ್ಟೂ ಅಂದ್ರೆ ಅದರಲ್ಲಿ ಅದೂ ಬಂತು. 15 ವೋಲ್ಟ್ ಲೈನಿಗೆ 20 ವೋಲ್ಟಿನ ಟ್ಯಾಂಟಲಮ್, ಅದರ ಅಣ್ಣತಮ್ಮಂದಿರು ಇನ್ನೂ ಎಷ್ಟು ಜನ ಕೂತಿದ್ದಾರೋ ಅದೇ ಲೈನಿನಲ್ಲಿ. ಮುಂದಿನ ತಿಂಗಳು ಮತ್ತೆ ಬಂದು ಬರೀತೀರಿ.

ನಿವೃತ್ತ_ಲ್ಯಾಬ್:
+15ರ ಟ್ಯಾಂಟಲಮ್‌ಗಳನ್ನು ಬದಲಾಯಿಸುವುದಾದರೆ ನನ್ನ ತಕರಾರಿಲ್ಲ. ಟ್ಯಾಂಟಲಮ್‌ಗೆ ವೋಲ್ಟೇಜ್ ದುಪ್ಪಟ್ಟು ಇರಬೇಕು ಅಂತ ನಾನು ಯಾವತ್ತೂ ಹೇಳುತ್ತೇನೆ. ಡಬ್ಬಿ ಕೆಪಾಸಿಟರನ್ನು ಅಳೆಯದೆ ಮುಟ್ಟಬೇಡಿ ಅಂದೆ, ಅಷ್ಟೇ. ಹಳೇಮಾಲು ಅವರೇ, ಮುಚ್ಚಳ ತೆಗೆದಿರುವಾಗ ಸಿಆರ್‌ಟಿ (ಪರದೆಯ ಗಾಜಿನ ಟ್ಯೂಬ್) ಕಡೆ ಕೈ ಹಾಕಬೇಡಿ, ಕ್ಯಾಥೋಡ್ ಲೈನು ಮೈನಸ್ 2450 ವೋಲ್ಟ್, ಆನೋಡ್ ಅದಕ್ಕಿಂತ ಎಷ್ಟೋ ಪಟ್ಟು ಮೇಲೆ. ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಬಿಡಿ.

ಧಾರವಾಡ_ಡಯೋಡ್:
ಸ್ವಿಚ್ ಏನಾತ್ರೀ?

ಹಳೇಮಾಲು_ತುಮಕೂರು:
ಅಲ್ಲೇ ಸಿಕ್ಕಿಕೊಂಡಿದ್ದೇನೆ. ಒಳಗೆ ಹೋಗಬೇಕಾದರೆ ನಾಬ್ ಬಿಚ್ಚಬೇಕು. ಪುಟ್ಟ ಅಲೆನ್ ಸ್ಕ್ರೂ ಇದೆ. ನನ್ನ 1.5 ಮಿಲಿಮೀಟರ್ ಕೀ ಹಾಕಿದರೆ ಒಳಗೆ ಹೋಗುತ್ತೆ, ಆದರೆ ತಿರುಗಿಸಿದರೆ ಜಾರುತ್ತೆ.

ಫರ್ಮ್‌ವೇರ್_ಸುಮಾ:
ನಿಲ್ಲಿಸಿ! ಅದು ಇಂಚಿನ ಲೆಕ್ಕ. 1/16 ಇಂಚು, ಅಂದರೆ 1.59 ಮಿಲಿಮೀಟರ್. ಇನ್ನೂ ಸಣ್ಣ ನಾಬ್‌ಗಳಲ್ಲಿ 0.050 ಇಂಚು. 1.5 ಹಾಕಿ ತಿರುಚಿದರೆ ಸ್ಕ್ರೂ ತಲೆ ದುಂಡಗಾಗುತ್ತೆ, ಆಮೇಲೆ ನಾಬ್ ಒಡೆದೇ ತೆಗೀಬೇಕು. ಇಂಚಿನ ಸೆಟ್ ಒಂದು ತಗೊಳ್ಳಿ.

ಮಂಗಳೂರು_ಮೆಕ್ಯಾನಿಕ್:
ಜಾಮ್ ಆಗಿದ್ದರೆ ಆ ಸ್ಕ್ರೂಗೆ ಒಂದು ಹನಿ ಡಬ್ಲ್ಯೂಡಿ-40 ಬಿಟ್ಟು ಅರ್ಧ ಗಂಟೆ ಇಡಿ. ಇದಕ್ಕೂ ಬೇಡ ಅಂತ ಯಾರಾದರೂ ಹೇಳ್ತೀರಾ?

ಫರ್ಮ್‌ವೇರ್_ಸುಮಾ:
ಸ್ಕ್ರೂಗೆ ಹಾಕಿ. ಸೂಜಿ ತುದಿಯಲ್ಲಿ, ಒಂದೇ ಹನಿ. ಸ್ಪ್ರೇ ಮಾಡಬೇಡಿ, ಹಿಂದೇನೇ ಸ್ವಿಚ್ ಇದೆ.

ಮಂಗಳೂರು_ಮೆಕ್ಯಾನಿಕ್:
"ಹಾಕಿ" ಅಂದಿರಿ. ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ.