ಪಾತ್ರಕ್ಕೆ ಯಾವ ಹೆಸರು, ಕಥೆಗೆ ಯಾವ ಶೀರ್ಷಿಕೆ?

ಕೆಳಮನೆ (ಸಾಗರ) — ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣಕಥೆಯನ್ನು ಬರೆದು ಎರಡು ತಿಂಗಳಾಯಿತು. ನಾಯಕನ ಹೆಸರು ಮತ್ತು ಕಥೆಯ ಶೀರ್ಷಿಕೆ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಕಥೆ ಇಷ್ಟು: 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ನೀರು ಶರಾವತಿ ಕಣಿವೆಯನ್ನು ತುಂಬಿಕೊಂಡಾಗ ಮನೆ ಬಿಟ್ಟು ಬಂದ ಕುಟುಂಬವೊಂದರ ಹುಡುಗ, ಮುಂದೆ ಬೇರೆಯವರ ತೋಟಗಳಲ್ಲಿ ಅಡಕೆ ಕೊನೆ (ಗೊಂಚಲು) ಕೊಯ್ಯುತ್ತ ಬದುಕು ಕಟ್ಟಿಕೊಳ್ಳುತ್ತಾನೆ. ಅರವತ್ತು ದಾಟಿದ ಮೇಲೆ ಒಂದು ಬೆಳಿಗ್ಗೆ ತೋಟಕ್ಕೆ ಹೋದರೆ, ನೆಲದ ಮೇಲೆ ನಿಂತೇ ಕೊನೆ ಇಳಿಸುವ ಫೈಬರ್ ದೋಟಿ ಹಿಡಿದ ಹುಡುಗರು ಆಗಲೇ ಅರ್ಧ ಕೆಲಸ ಮುಗಿಸಿರುತ್ತಾರೆ.

ಮೊದಲು ಅವನಿಗೆ ‘ರಾಮಣ್ಣ’ ಎಂದು ಹೆಸರಿಟ್ಟಿದ್ದೆ. ಓದಿದಾಗಲೆಲ್ಲ ಅವನು ಯಾವ ಊರಿನವನೂ ಆಗಬಹುದು ಅನ್ನಿಸುತ್ತಿತ್ತು. ಆಮೇಲೆ ‘ಹುಚ್ಚಪ್ಪ’ ಎಂದು ಬದಲಿಸಿದೆ. ನಮ್ಮ ಕಡೆ ಆ ಹೆಸರನ್ನು ಕೇಳಿ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಬೆಂಗಳೂರಿನ ಗೆಳೆಯರೊಬ್ಬರು ಹಸ್ತಪ್ರತಿಯನ್ನು ಓದಿ, ಅವನ ಹುಚ್ಚು ಯಾವುದೆಂದು ಕಡೆಯವರೆಗೂ ತಿಳಿಯಲಿಲ್ಲ ಎಂದು ಬರೆದರು. ಅಲ್ಲದೆ, ಹೆಸರು ಹೇಳಿದ ಕೂಡಲೇ ಓದುಗರು ಜಾತಿಯನ್ನು ಲೆಕ್ಕ ಹಾಕತೊಡಗುತ್ತಾರೆ ಎಂಬ ಅಳುಕೂ ನನಗಿದೆ. ಶೀರ್ಷಿಕೆ ಸದ್ಯಕ್ಕೆ ‘ಮುಳುಗಿದ ಊರು’. ಅದನ್ನು ಕಂಡರೆ ನನಗೇ ಆಕಳಿಕೆ ಬರುತ್ತದೆ.

ಹಳೇ ಮೇಷ್ಟ್ರು (ಶಿಕಾರಿಪುರ)

ನಿಮ್ಮ ಗೆಳೆಯರನ್ನು ದೂರುವಂತಿಲ್ಲ. ಅವರಿಗೆ ನಮ್ಮ ಹುಚ್ಚರಾಯಸ್ವಾಮಿಯ ಪರಿಚಯವಿಲ್ಲ. ಆ ಆಂಜನೇಯನಿಗೆ ಹರಕೆ ಹೊತ್ತು ಪಡೆದ ಮಕ್ಕಳು ಈ ಸೀಮೆಯಲ್ಲಿ ಹುಚ್ಚರಾಯಪ್ಪನಾಗುತ್ತಾರೆ, ಚಂದ್ರಗುತ್ತಿಯ ಅಮ್ಮನಿಗೆ ನಡೆದುಕೊಳ್ಳುವ ಮನೆಗಳಲ್ಲಿ ಗುತ್ಯಪ್ಪ, ಗುತ್ಯಮ್ಮ ಹುಟ್ಟುತ್ತಾರೆ, ಧರ್ಮಸ್ಥಳಕ್ಕೆ ಮುಡಿಪು ಕಟ್ಟಿಟ್ಟವರ ಮನೆಯಲ್ಲಿ ಮಂಜಪ್ಪ ಆಡುತ್ತಿರುತ್ತಾನೆ. ಆದ್ದರಿಂದ ಹೆಸರಿನ ಪಟ್ಟಿಯನ್ನು ಮುಂದಿಟ್ಟುಕೊಂಡು ಕೂರುವುದಕ್ಕಿಂತ, ನಿಮ್ಮ ನಾಯಕನ ತಾಯಿ ಆ ಮುಳುಗಿದ ಊರಿನಲ್ಲಿ ಯಾವ ದೇವರಿಗೆ ಹರಕೆ ಹೊತ್ತಿದ್ದಳು ಎಂಬುದನ್ನು ಮೊದಲು ತೀರ್ಮಾನಿಸಿ. ದೇವಸ್ಥಾನದ ಹಾದಿ ಮುಚ್ಚಿಹೋದ ಮೇಲೂ ಮಗನ ಹೆಸರಿನಲ್ಲಿ ಆ ಹರಕೆ ಉಳಿದಿರುತ್ತದೆ.

ಕಾಲವನ್ನೂ ಹೆಸರೇ ಹೇಳುತ್ತದೆ. ಅಜ್ಜ ಗುತ್ಯಪ್ಪ, ಮಗ ನಾಗರಾಜ, ಮೊಮ್ಮಗ ಪ್ರಜ್ವಲ್ ಎಂದು ಮೂವರನ್ನು ಒಂದೇ ಜಗಲಿಯಲ್ಲಿ ಕೂರಿಸಿದರೆ, ಅರವತ್ತು ವರ್ಷ ಕಳೆದವೆಂದು ಪ್ರತ್ಯೇಕವಾಗಿ ಬರೆಯಬೇಕಾಗಿಲ್ಲ.

ಇದಕ್ಕಿಂತ ಮುಖ್ಯವಾದದ್ದು, ಒಬ್ಬನಿಗೆ ಒಂದೇ ಹೆಸರು ಸಾಲದು ಎಂಬುದು. ಪಹಣಿಯಲ್ಲಿ ಅವನು ‘ಗುತ್ಯಪ್ಪ ಬಿನ್ ದ್ಯಾವಪ್ಪ’, ತೋಟದ ಯಜಮಾನರಿಗೆ ಬರಿಯ ‘ಕೊನೆಗೌಡ’ (ಕೊನೆ ಕೊಯ್ಯುವವನು), ಓರಗೆಯವರಿಗೆ ‘ಗುತ್ಯಾ’, ದೋಟಿ ಹಿಡಿದ ಹುಡುಗರಿಗೆ ‘ಗುತ್ಯಣ್ಣ’, ಹೆಂಡತಿಗೆ, ಹೆಸರನ್ನೇ ಹಿಡಿಯದೆ, ‘ನಮ್ಮನೆಯವರು’. ಇವರ ನಡುವೆ ಕಥೆ ಹೇಳುವ ನೀವು ಅವನನ್ನು ಏನೆಂದು ಕರೆಯುತ್ತೀರಿ? ‘ಗುತ್ಯ ಬಂದನು’ ಎಂದು ಬರೆದರೆ ನೀವು ಯಜಮಾನರ ಜಗಲಿಯ ಮೇಲೆ ಕುಳಿತು ನೋಡುತ್ತಿದ್ದೀರಿ. ‘ಗುತ್ಯಪ್ಪನವರು ಬಂದರು’ ಎಂದರೆ ಕಥೆ ಸನ್ಮಾನಪತ್ರದಂತೆ ಕೇಳಿಸುತ್ತದೆ. ನಾನಾದರೆ ‘ಗುತ್ಯಪ್ಪ ಬಂದ’ ಎಂದು ಬರೆದು, ಗೌರವವನ್ನು ಅವನ ಕೆಲಸದ ವಿವರಗಳಲ್ಲಿ ತೋರಿಸುತ್ತೇನೆ. ಜಾತಿಯ ಅಳುಕಿಗೂ ನನ್ನ ಉತ್ತರ ಇದೇ: ಗುರುತಿಲ್ಲದ ಹೆಸರಿಟ್ಟರೆ ಜಾತಿ ಅಳಿಸಿಹೋಗುವುದಿಲ್ಲ, ಮನುಷ್ಯ ಅಳಿಸಿಹೋಗುತ್ತಾನೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಗುತ್ತಿ, ಸದಾ ಜೊತೆಗಿರುವ ನಾಯಿಯ ಕಾರಣದಿಂದ ‘ನಾಯಿಗುತ್ತಿ’ ಎನಿಸಿಕೊಂಡಿದ್ದಾನೆ; ಆ ನಾಯಿಯ ಹೆಸರು ‘ಹುಲಿಯ’. ಯಾರನ್ನು ಯಾವುದರಿಂದ ಗುರುತಿಸುತ್ತಿದ್ದರು ಎಂಬುದು ಆ ಎರಡು ಹೆಸರುಗಳಲ್ಲಿಯೇ ಇದೆ.

ಸೊಪ್ಪಿನಬೆಟ್ಟ (ಹೊಸನಗರ)

ಮೇಷ್ಟ್ರು ಹೆಸರಿನ ಕೆಲಸವನ್ನು ಮುಗಿಸಿದ್ದಾರೆ. ನಾನು ಶೀರ್ಷಿಕೆಯ ಬಗ್ಗೆ ಮಾತ್ರ ಹೇಳುತ್ತೇನೆ. ‘ಮುಳುಗಿದ ಊರು’ ಎಂದ ಕೂಡಲೇ ಓದುಗ ಮರುಗಲು ಸಿದ್ಧನಾಗಿಬಿಡುತ್ತಾನೆ, ಹಾಗಾಗಿ ಕಥೆಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಮಳೆ, ಮಂಜು, ಕಾಡು, ಒಡಲು, ಮೌನ ಇವುಗಳಲ್ಲಿ ಯಾವ ಎರಡನ್ನು ಜೋಡಿಸಿದರೂ ಮಲೆನಾಡಿನ ಒಂದು ಶೀರ್ಷಿಕೆ ಸಿದ್ಧವಾಗುತ್ತದೆ. (ನನ್ನ ಪೆಟ್ಟಿಗೆಯಲ್ಲಿಯೂ ಅಂಥ ಮೂರು ಇವೆ.)

ಶೀರ್ಷಿಕೆ ಪಾತ್ರದ ಹೆಸರನ್ನು ಬಿಟ್ಟೂ ಪಾತ್ರದ ಸಂಕಟವನ್ನು ಹೇಳಬಲ್ಲದು ಎಂಬುದಕ್ಕೆ ಕುವೆಂಪು ಅವರದೇ ಕಾದಂಬರಿ ‘ಕಾನೂರು ಹೆಗ್ಗಡಿತಿ’ಯನ್ನು ನೋಡಿ. ಅದರಲ್ಲಿ ಊರಿದೆ, ಅಂತಸ್ತಿದೆ, ಸುಬ್ಬಮ್ಮ ಎಂಬ ಹೆಸರಿಲ್ಲ. ಚಂದ್ರಯ್ಯಗೌಡರ ಮೂರನೆಯ ಹೆಂಡತಿಯಾಗಿ ಬಂದವಳಿಗೆ ಆ ಪಟ್ಟವೇ ಪೇಚಾಗುತ್ತದೆ. ನಿಮ್ಮ ಕಥೆಯಲ್ಲಿಯೂ ಅಂಥ ಮಾತೊಂದು ಕಣ್ಣೆದುರೇ ಬಿದ್ದಿದೆ: ‘ಕೊನೆ’. ಅಡಕೆಯ ಕೊನೆ, ಮುಗಿಯುವ ಕೊನೆ, ಮರದ ತುದಿಯ ಕೊನೆ. ಬಯಲುಸೀಮೆಯವರಿಗೆ ಎರಡನೆಯ ಅರ್ಥ ಮೊದಲು ಹೊಳೆಯುತ್ತದೆ, ನಮಗೆ ಮೊದಲನೆಯದು. ಕಥೆ ಮುಗಿಯುವ ಹೊತ್ತಿಗೆ ಇಬ್ಬರೂ ಒಂದೇ ಕಡೆಗೆ ಬಂದು ನಿಲ್ಲುತ್ತಾರೆ. ಒಂದೇ ಷರತ್ತು: ಕಥೆಯೊಳಗೆ ಈ ಶ್ಲೇಷೆಯನ್ನು ಯಾವ ಪಾತ್ರದ ಬಾಯಿಂದಲೂ ಆಡಿಸಬೇಡಿ.

ಮಕ್ಕಿಗದ್ದೆ (ತೀರ್ಥಹಳ್ಳಿ)

ಒಂದು ಎಚ್ಚರಿಕೆ. ಜಿಪುಣನೊಬ್ಬನ ಕಥೆಯನ್ನು ಬರೆದು, ಅವನಿಗೆ ‘ಮೇಲಿನಮನೆ’ ಎಂದು ಮನೆತನದ ಹೆಸರನ್ನೂ ಕೊಟ್ಟು, ಗಣಪತಿ ಹಬ್ಬದ ಕಾರ್ಯಕ್ರಮದಲ್ಲಿ ಓದಿದ್ದೆ. ಎರಡು ಮನೆ ಆಚೆಯ ಹಿರಿಯರೊಬ್ಬರು ಆ ಸುಗ್ಗಿ ಮುಗಿಯುವವರೆಗೂ ನನ್ನೊಡನೆ ಮಾತನಾಡಲಿಲ್ಲ. ಅಡಕೆ ಸುಲಿಯಲು ಕರೆದರೂ ಆಳು ಕಳುಹಿಸಲಿಲ್ಲ. ವ್ಯಕ್ತಿಯ ಹೆಸರು ಮತ್ತು ಮನೆಯ ಹೆಸರು ಎರಡೂ ಕೂಡಿದರೆ ಯಾರಾದರೊಬ್ಬರಿಗೆ ಹೊಂದಿಯೇ ಹೊಂದುತ್ತದೆ. ಈಗ ನಾನು ಊರನ್ನೇ ಕಟ್ಟಿಕೊಳ್ಳುತ್ತೇನೆ, ಆದರೆ ಊರಿನ ಹೆಸರಿನ ಬಾಲವನ್ನು ಸೀಮೆಗೆ ತಕ್ಕಂತೆ ಇಡುತ್ತೇನೆ. ಹೆಗ್ಗೋಡು, ಕಾಗೋಡು ಇರುವ ನಿಮ್ಮ ಕಡೆ ‘ಗೋಡು’ ಸಲೀಸಾಗಿ ಕೂರುತ್ತದೆ. ಅಲ್ಲಿ ‘ಪುರಂ’ ಎಂದು ಬರೆದರೆ ಓದುಗ ಅಲ್ಲಿಯೇ ಎಡವುತ್ತಾನೆ.

ಸುರಗಿ (ಶಿವಮೊಗ್ಗ)

ಇಲ್ಲಿಯವರೆಗೆ ನಾಯಕನಿಗೆ ಐದು ಹೆಸರುಗಳಾದವು. ಅವನ ಹೆಂಡತಿಗೆ ಒಂದಾದರೂ ಇದೆಯೇ? ಅವಳು ಗಂಡನ ಹೆಸರು ಹಿಡಿಯುವುದಿಲ್ಲ ಎಂಬುದನ್ನು ಮೇಷ್ಟ್ರು ಸರಿಯಾಗಿಯೇ ಗಮನಿಸಿದ್ದಾರೆ. ಅವಳನ್ನು ಯಾರು ಏನೆಂದು ಕರೆಯುತ್ತಾರೆ ಎಂಬ ಕಡೆಗೆ ಮಾತ್ರ ಚರ್ಚೆ ತಿರುಗಲೇ ಇಲ್ಲ. ದಾಖಲೆಯಲ್ಲಿ ಗಂಡಸಿಗೆ ‘ಬಿನ್’ (ಇಂಥವರ ಮಗ) ಇರುವಂತೆ ಹೆಂಗಸಿಗೆ ‘ಕೋಂ’ (ಇಂಥವರ ಹೆಂಡತಿ) ಇದೆ. ಅದರ ಹಿಂದೆ ಒಂದು ಹೆಸರು ಇರಲೇಬೇಕು.

ನಮ್ಮಂಥ ಕೆಲವು ಮನೆತನಗಳಲ್ಲಿ ಮದುವೆಯ ದಿನ ತಟ್ಟೆಯ ಅಕ್ಕಿಯ ಮೇಲೆ ಸೊಸೆಯ ಹೊಸ ಹೆಸರನ್ನು ಬರೆಸುತ್ತಿದ್ದರು. ನನ್ನ ಅಜ್ಜಿ ತವರಿನಲ್ಲಿ ಗೌರಿ, ಇಲ್ಲಿ ಸಾವಿತ್ರಮ್ಮ. ತವರಿನಿಂದ ಅವರ ತಮ್ಮ ಬಂದು ಬಾಗಿಲಲ್ಲಿ ನಿಂತು ‘ಗೌರಕ್ಕಾ’ ಎಂದು ಕೂಗಿದರೆ, ಒಲೆಯ ಮುಂದಿದ್ದ ಅಜ್ಜಿ ಊದುಗೊಳವೆಯನ್ನು ಕೆಳಗಿಡುವ ರೀತಿಯೇ ಬೇರೆಯಾಗಿರುತ್ತಿತ್ತು. ನಿಮ್ಮ ಕಥೆಯ ಮನೆಯಲ್ಲಿ ಈ ಪದ್ಧತಿ ಇರಲಾರದು, ಇರಬೇಕೆಂದೂ ಇಲ್ಲ. ಆದರೆ ಮುಳುಗಡೆಯಾದ ಊರಿನ ಯಾರಾದರೊಬ್ಬರು ಅವಳನ್ನು ಹಳೆಯ ಹೆಸರಿನಿಂದ ಕರೆಯುವ ಒಂದು ಗಳಿಗೆಯಾದರೂ ಇರಲಿ.

ಕೆಳಮನೆ (ಸಾಗರ)

ಎಲ್ಲರಿಗೂ ಕೃತಜ್ಞತೆಗಳು. ಸುರಗಿಯವರ ಪ್ರಶ್ನೆಯನ್ನು ಓದಿ ಹಸ್ತಪ್ರತಿಯನ್ನು ತೆರೆದು ನೋಡಿದೆ: ಹದಿನಾಲ್ಕು ಪುಟಗಳಲ್ಲಿ ಅವಳು ‘ಅವಳು’ ಮಾತ್ರ; ಕಾಫಿ ಕಾಸಲು ಎರಡು ಸಲ ಒಳಗೆ ಹೋಗಿ ಬಂದಿದ್ದಾಳೆ. ಈಗ ಅವಳಿಗೆ ‘ಚೌಡಮ್ಮ’ ಎಂದು ಹೆಸರಿಟ್ಟಿದ್ದೇನೆ. ಹೆಸರು ಬಂದ ಮೇಲೆ ಅವಳು ಸುಮ್ಮನಿರುತ್ತಿಲ್ಲ. ದೋಟಿ ಬಂದ ಸುದ್ದಿಯನ್ನು ಗಂಡನಿಗಿಂತ ಒಂದು ವಾರ ಮೊದಲೇ ತಿಳಿದು, ಹೇಳದೆ ಇಟ್ಟುಕೊಂಡವಳು ಅವಳೇ ಎಂದು ನಿನ್ನೆ ರಾತ್ರಿ ಗೊತ್ತಾಯಿತು. ಹಾಗಾಗಿ ಆರನೆಯ ಪುಟದಿಂದ ಮತ್ತೆ ಬರೆಯಬೇಕಾಗಿದೆ. ನಾಯಕ ಗುತ್ಯಪ್ಪನೇ. ಶೀರ್ಷಿಕೆಯ ಜಾಗದಲ್ಲಿ ‘ಕೊನೆ’ ಎಂದು ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಚೌಡಮ್ಮ ಒಪ್ಪಿದರೆ ಶಾಯಿ ಹಾಕುತ್ತೇನೆ.