ಸಹಾಯ ಬೇಕು: ಲಂಡನ್‌ನಲ್ಲಿರುವ ಕನ್ನಡಿಗರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಹವ್ಯಾಸಿ ತಂಡಕ್ಕಾಗಿ ಒಂದು ನಾಟಕ ಬರೆಯುತ್ತಿದ್ದೇನೆ. ಲಂಡನ್ ಹತ್ತಿರದ ಹ್ಯಾನ್‌ವೆಲ್ ಮಾನಸಿಕ ಆಸ್ಪತ್ರೆಗೆ ಸರ್ಕಾರದ ಕಮಿಷನರ್‌ಗಳು ತಪಾಸಣೆಗೆ ಬರುವ ಒಂದು ದಿನದ ಕಥೆ.

1814ರಲ್ಲಿ ಲಂಡನ್‌ನ ಇನ್ನೊಂದು ಮಾನಸಿಕ ಆಸ್ಪತ್ರೆಯಾದ ಬೆಡ್ಲಮ್‌ಗೆ ಹೋದವರು ಜೇಮ್ಸ್ ನಾರಿಸ್ ಎಂಬ ರೋಗಿಯನ್ನು ನೋಡಿದರು. ಕುತ್ತಿಗೆಗೆ ಕಬ್ಬಿಣದ ಬಳೆ, ಅದರಿಂದ ಗೋಡೆ ಪಕ್ಕದ ಕಂಬಿಗೆ ಸರಪಳಿ. ವರ್ಷಗಟ್ಟಲೆ ಹಾಗೇ ಇದ್ದರಂತೆ. ಆ ಚಿತ್ರ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುವರ್ಷವೇ ಪಾರ್ಲಿಮೆಂಟ್ ಸಮಿತಿ ವಿಚಾರಣೆ ನಡೆಸಿತು. ಮಾನಸಿಕ ಆಸ್ಪತ್ರೆಗಳ ತಪಾಸಣೆ ಕುರಿತ 1845ರ ಕಾನೂನು ಬಂದ ಮೇಲೆ ಕಮಿಷನರ್‌ಗಳು ಇಬ್ಬಿಬ್ಬರಾಗಿ, ಒಬ್ಬ ಡಾಕ್ಟರು, ಒಬ್ಬ ವಕೀಲರು, ಹೇಳದೆ ಕೇಳದೆ ಬರಬಹುದಿತ್ತು. ನೋಡಿದ್ದನ್ನು ಅಲ್ಲಿನ ಪುಸ್ತಕದಲ್ಲೇ ಬರೆದಿಡುತ್ತಿದ್ದರು. ಆದರೂ ಬೆಡ್ಲಮ್‌ಗೆ ಮಾತ್ರ 1853ರವರೆಗೆ ವಿನಾಯಿತಿ! ತಪಾಸಣೆ ಜಾಸ್ತಿ ಬೇಕಿದ್ದದ್ದೇ ಅಲ್ಲಿ, ಅಲ್ವಾ?

ಹ್ಯಾನ್‌ವೆಲ್‌ನಲ್ಲಿ ಡಾ. ಜಾನ್ ಕೊನೊಲಿ 1839ರಲ್ಲೇ ರೋಗಿಗಳನ್ನು ಕಟ್ಟಿಹಾಕುವುದನ್ನು ನಿಲ್ಲಿಸಿದ್ದರು. ಹಾಗಾಗಿಯೇ ಈ ಆಸ್ಪತ್ರೆ ಆರಿಸಿಕೊಂಡೆ.

ಇದರ ಹಳೆಯ ದಾಖಲೆಗಳು ಲಂಡನ್ ಆರ್ಕೈವ್ಸ್‌ನಲ್ಲಿವೆ. ಅಲ್ಲಿಗೆ ಹೋಗಬಲ್ಲವರು ಯಾರಾದರೂ ಇದ್ದೀರಾ? ತಪಾಸಣೆಯ ಟಿಪ್ಪಣಿ ಇರುವ ನಾಲ್ಕೈದು ಪುಟಗಳ ಫೋಟೊ ಸಿಕ್ಕರೆ ಸಾಕು. ಹಾಸಿಗೆ, ಊಟ, ರೋಗಿಗಳ ದೂರು, ಇವುಗಳ ಬಗ್ಗೆ ಅವರೇ ಬರೆದ ಮಾತು ಬೇಕು. ಸುಮ್ನೆ ಊಹಿಸಿ ಬರೆಯಲು ಮನಸ್ಸಿಲ್ಲ. ಖರ್ಚು ನಾನೇ ಕೊಡುತ್ತೇನೆ.

ಇನ್ನೊಂದು ವಿಷಯ. ಪಾತ್ರಗಳ ಬಾಯಲ್ಲಿ ‘ಹುಚ್ಚಾಸ್ಪತ್ರೆ’ ಎಂದು ಬರೆಯುವಾಗ ಕೈ ತಡೆಯುತ್ತದೆ. ಆ ಕಾಲಕ್ಕೂ ಒಪ್ಪುವ, ಯಾರನ್ನೂ ನೋಯಿಸದ ಪದ ಹೊಳೆದರೆ ತಿಳಿಸಿ.