ಮನೆಯಲ್ಲಿ ಸಾಕೆ ರುಚಿ ನೋಡುವ ಕೂಟ: ಎಷ್ಟು ಬಾಟಲಿ, ಯಾವ ಕ್ರಮ?

ಪ್ರಶ್ನೆ

ಮುಂದಿನ ತಿಂಗಳು ಐವರು ಸ್ನೇಹಿತರನ್ನು ಮನೆಗೆ ಕರೆದು, ಅಕ್ಕಿಯಿಂದ ಮಾಡುವ ಜಪಾನಿನ ಮದ್ಯವಾದ ಸಾಕೆಯ ನಾಲ್ಕು ಬಗೆಗಳನ್ನು ಒಟ್ಟಿಗೆ ಕುಳಿತು ರುಚಿ ನೋಡಬೇಕೆಂದುಕೊಂಡಿದ್ದೇನೆ. ನಮ್ಮಲ್ಲಿ ಯಾರಿಗೂ ಇದರ ಪರಿಚಯವಿಲ್ಲ. ನಾನು ಒಮ್ಮೆ ಕುಡಿದಾಗ ಅದು ಹಬೆಯಾಡುವಷ್ಟು ಬಿಸಿಯಾಗಿತ್ತು. ಘಾಟಿನ ಹೊರತು ಬೇರೇನೂ ತಿಳಿಯಲಿಲ್ಲ. ಜುನ್‌ಮೈ, ಗಿಂಜೊ, ದೈಗಿಂಜೊ ಎಂಬವು ಒಂದಕ್ಕಿಂತ ಒಂದು ಮೇಲಾದ ದರ್ಜೆಗಳೇ? ಒಬ್ಬೊಬ್ಬರಿಗೆ ಎಷ್ಟು ಬಡಿಸಬೇಕು, ಯಾವುದನ್ನು ಮೊದಲು ಕೊಡಬೇಕು?

ಮೊದಲ ಉತ್ತರ

ದರ್ಜೆ ಎನ್ನುವುದಕ್ಕಿಂತ ತಯಾರಿಕೆಯ ವಿಧಾನ ಎಂದರೆ ಸರಿಯಾದೀತು. ‘ಜುನ್‌ಮೈ’ ಎಂದಿದ್ದರೆ ಅದರಲ್ಲಿ ಅಕ್ಕಿ, ಕೋಜಿ (ಹುದುಗಿಸಲು ಬೂಷ್ಟು ಬೆಳೆಸಿದ ಅಕ್ಕಿ), ನೀರು, ಯೀಸ್ಟ್ ಬಿಟ್ಟು ಹೊರಗಿನಿಂದ ಮದ್ಯಸಾರ ಸೇರಿಲ್ಲ ಎಂದರ್ಥ. ‘ಗಿಂಜೊ’ ಎಂದರೆ ಅಕ್ಕಿಕಾಳನ್ನು ಉಜ್ಜಿ ಮೂಲ ತೂಕದ ಶೇ. 60 ಅಥವಾ ಅದಕ್ಕಿಂತ ಕಡಿಮೆ ಉಳಿಸಿರುವುದು. ‘ದೈಗಿಂಜೊ’ದಲ್ಲಿ ಉಳಿಯುವುದು ಶೇ. 50 ಅಥವಾ ಕಡಿಮೆ. ಲೇಬಲ್ಲಿನ ಮೇಲಿನ ಈ ಅಂಕಿ ಉಜ್ಜಿ ತೆಗೆದ ಭಾಗದ್ದಲ್ಲ, ಉಳಿದ ಭಾಗದ್ದು. ಇಲ್ಲಿ ಎಡವುವವರು ಬಹಳ.

ಹೀಗೆ ಉಜ್ಜಿದ ಅಕ್ಕಿಯನ್ನು ತಣ್ಣನೆಯ ಹವೆಯಲ್ಲಿ ನಿಧಾನವಾಗಿ ಹುದುಗಿಸುವುದರಿಂದ ಬಾಳೆಹಣ್ಣು, ಸೇಬಿನಂಥ ಘಮ ಬರುತ್ತದೆ. ಅದು ಬಹಳ ನವಿರಾದದ್ದು, ಆದ್ದರಿಂದ ದೈಗಿಂಜೊವನ್ನೇ ಮೊದಲು ಕೊಡಿ. ಬಳಿಕ ಸಾಧಾರಣ ಜುನ್‌ಮೈ, ಆಮೇಲೆ ಹುಳಿಯೂ ಗಡುಸೂ ಹೆಚ್ಚಿರುವ ಯಮಾಹೈ, ಕೊನೆಗೆ ಗಂಜಿಯಂತೆ ಬೆಳ್ಳಗಿರುವ ನಿಗೊರಿ. ಅಂದು ಯಾರೂ ಸುಗಂಧ ಪೂಸಿಕೊಂಡು ಬರಬಾರದೆಂದು ಮೊದಲೇ ಹೇಳಿಬಿಡಿ.

ಪ್ರಮಾಣದ ವಿಷಯದಲ್ಲಿ ಕೈ ಬಿಗಿಯಿರಲಿ. ಸಾಕೆಯಲ್ಲಿ ಸಾಮಾನ್ಯವಾಗಿ ಶೇ. 15ರಿಂದ 16ರಷ್ಟು ಮದ್ಯಸಾರವಿರುತ್ತದೆ, ಆದರೆ ನೀರಿನಂತೆ ಇಳಿಯುವುದರಿಂದ ಅದು ಗೊತ್ತಾಗುವುದಿಲ್ಲ. ತಲೆಗೆ 40 ಮಿ.ಲೀ. ಎಂದರೆ ಆರು ಜನರಿಗೆ ಒಂದು ಬಗೆಯಲ್ಲಿ 240 ಮಿ.ಲೀ. ಬೇಕು, 720 ಮಿ.ಲೀ. ಬಾಟಲಿಯ ಬದಲು 300ರದ್ದೇ ಸಾಕು. (ಕನ್ನಡದಲ್ಲಿ ಈ ಪಾನೀಯದ ಹೆಸರೇ ‘ಸಾಕೆ?’ ಎಂದು ಕೇಳುತ್ತಿರುವಾಗ ‘ಸಾಕು’ ಎನ್ನುವುದು ಕಷ್ಟವಾಗಬಾರದು.)

ಎರಡನೆಯ ಉತ್ತರ

ಮೇಲಿನವರು ಹೇಳಿದ ಕ್ರಮ ಸರಿ, ಆದರೆ ಹೊಸಬರಿಗೆ ನಾಲ್ಕು ಬಗೆ ಹೆಚ್ಚಾಯಿತು ಎಂಬುದು ನನ್ನ ಅಭಿಪ್ರಾಯ. ನಿಗೊರಿಯನ್ನು ಕೈಬಿಟ್ಟು, ಒಂದೇ ಯಮಾಹೈಯನ್ನು ಮೂರು ಹದದಲ್ಲಿ ಕೊಟ್ಟು ನೋಡಿ. ಜಪಾನಿನಲ್ಲಿ ಈ ಹದಗಳಿಗೆ ಬೇರೆ ಬೇರೆ ಹೆಸರೇ ಇವೆ: 10 ಡಿಗ್ರಿ ‘ಹಾನಾಬಿಎ’, ಅಂದರೆ ಹೂವಿನ ತಂಪು, 40 ಡಿಗ್ರಿ ‘ನುರುಕಾನ್’, 50 ಡಿಗ್ರಿ ‘ಅತ್ಸುಕಾನ್’. ತಣ್ಣಗಿದ್ದಾಗ ಮುದುಡಿಕೊಂಡಿದ್ದ ಅಕ್ಕಿಯ ಸವಿ 40ರಲ್ಲಿ ಅರಳುತ್ತದೆ, 50ರಲ್ಲಿ ಅದೇ ಸಾಕೆ ಚುರುಕಾಗಿ, ಸಿಹಿ ಕಡಿಮೆಯಾದಂತೆ ತೋರುತ್ತದೆ. ದೈಗಿಂಜೊವನ್ನು ಮಾತ್ರ ಬಿಸಿ ಮಾಡದಿರುವುದು ಒಳ್ಳೆಯದು, ಹಣ ಕೊಟ್ಟು ತಂದ ಘಮ ಹಾರಿಹೋಗುತ್ತದೆ.

ನೇರವಾಗಿ ಒಲೆಯ ಮೇಲಿಡಬೇಡಿ. ನೀರು ಕುದಿಸಿ, ಒಲೆ ಆರಿಸಿ, ಸಾಕೆ ತುಂಬಿದ ಚಿಕ್ಕ ಪಿಂಗಾಣಿ ಹೂಜಿಯನ್ನು ಕತ್ತಿನವರೆಗೆ ಅದರಲ್ಲಿ ಮುಳುಗಿಸಿ ಎರಡು-ಮೂರು ನಿಮಿಷ ಬಿಟ್ಟು, ಥರ್ಮಾಮೀಟರಿನಿಂದ ನೋಡುತ್ತಿರಿ. ಥರ್ಮಾಮೀಟರ್ ಇಲ್ಲದಿದ್ದರೆ ಹೂಜಿಯನ್ನೆತ್ತಿ ತಳ ಮುಟ್ಟಿ ನೋಡಿ. ಬೆರಳಿಗೆ ಹಿತವಾಗಿ ಬೆಚ್ಚಗಿದ್ದರೆ ನುರುಕಾನ್ ಆಗಿದೆ. ನಾನು ಮೊದಲ ಸಲ ಮಾತಿನ ಭರದಲ್ಲಿ ಮರೆತು, ಅರ್ಧ ಬಾಟಲಿಯನ್ನು ಕಷಾಯವಾಗಿಸಿದ್ದೆ.

ಪ್ರಶ್ನೆ ಕೇಳಿದವರು

ಮೂರು ಬಗೆಗೆ ಇಳಿಸುತ್ತೇನೆ. ಹಾಗಾದರೆ ಯಮಾಹೈಯನ್ನು 720 ಮಿ.ಲೀ. ಬಾಟಲಿಯಲ್ಲೇ ತರಬೇಕಾಗುತ್ತದೆ. ಉಳಿದದ್ದನ್ನು ಎಷ್ಟು ದಿನ ಇಡಬಹುದು? ವಿಶೇಷ ಬಟ್ಟಲುಗಳು ಬೇಕೆ?

ಮೂರನೆಯ ಉತ್ತರ

ತೆರೆದ ಬಾಟಲಿಯನ್ನು ಮುಚ್ಚಿ, ನೆಟ್ಟಗೆ ನಿಲ್ಲಿಸಿ ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸುವುದು ಉತ್ತಮ. ಲೇಬಲ್ಲಿನಲ್ಲಿ ‘ನಾಮಾ’ ಎಂದಿದ್ದರೆ ಅದು ಪಾಶ್ಚರೀಕರಿಸದ ಸಾಕೆ. ತೆರೆಯುವ ಮೊದಲೂ ಫ್ರಿಜ್ಜಿನಲ್ಲೇ ಇರಬೇಕು. ಬಿಸಿಲಂತೂ ಯಾವ ಸಾಕೆಗೂ ಆಗದು.

ಪರಿಣತರು ಬಳಸುವ ಕಿಕಿಚೊಕೊ ಬಟ್ಟಲಿನ ತಳದಲ್ಲಿ ಬಿಳಿಯ ಮೇಲೆ ಎರಡು ನೀಲಿ ಬಳೆಗಳಿರುತ್ತವೆ. ಬಿಳಿಯಲ್ಲಿ ಬಣ್ಣವನ್ನೂ ನೀಲಿಯ ಅಂಚಿನಲ್ಲಿ ತಿಳಿತನವನ್ನೂ ನೋಡುತ್ತಾರೆ. ನಿಮಗೆ ಬಿಳಿ ಪಿಂಗಾಣಿ ಬಟ್ಟಲುಗಳು ಸಾಕು, ದೈಗಿಂಜೊಗೆ ಮಾತ್ರ ವೈನ್ ಗ್ಲಾಸ್ ಇಡಿ. ಪ್ರತಿಯೊಬ್ಬರ ಪಕ್ಕದಲ್ಲೂ ದೊಡ್ಡ ಲೋಟದಲ್ಲಿ ನೀರಿರಲಿ. ಜಪಾನಿನಲ್ಲಿ ಸಾಕೆಯ ಜೊತೆ ಕುಡಿಯುವ ಈ ನೀರಿಗೆ ‘ಯಾವರಾಗಿ-ಮಿಝು’ ಎಂಬ ಹೆಸರಿದೆ. ಒಂದು ಗುಟುಕು ಸಾಕೆಗೆ ಒಂದು ಗುಟುಕು ನೀರು ಎಂದಿಟ್ಟುಕೊಂಡರೆ ಮೂರನೆಯ ಬಟ್ಟಲಿಗೆ ಬರುವಾಗಲೂ ನಾಲಿಗೆ ಚೊಕ್ಕಟವಾಗಿರುತ್ತದೆ.